ಅರ್ಧ ಸಂಬಳಕ್ಕೆ ಒಪ್ಪಿದರೂ ಮೆಸ್ಸಿ ಯಾಕೆ ಉಳಿಯಲಿಲ್ಲ?

ಪ್ರಶ್ನೆ: ಸರ್, ಐಪಿಎಲ್‌ನಲ್ಲಾದರೆ ಪ್ರತಿ ತಂಡಕ್ಕೂ ಪರ್ಸ್ ಇಷ್ಟು ಅಂತ ಇರುತ್ತದೆ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು ಆಟಗಾರರ ಸಂಬಳಕ್ಕೆ ಹೇಗೆ ಬಜೆಟ್ ಹಾಕುತ್ತವೆ? 2021ರಲ್ಲಿ ಮೆಸ್ಸಿ ಅರ್ಧ ಸಂಬಳ ಸಾಕು ಅಂದರೂ ಬಾರ್ಸಿಲೋನಾ ಅವರನ್ನು ಬಿಟ್ಟುಕೊಟ್ಟಿತು. ಅದೆಲ್ಲ ಸುಮ್ನೆ ನಾಟಕ ಅಲ್ವಾ? (ಓದುಗರೊಬ್ಬರು, ಹಾಸನ)

ಉತ್ತರ: ನಾಟಕ ಅಲ್ಲ, ಲೆಕ್ಕ. ಆದರೆ ಮೊದಲು ಐಪಿಎಲ್ ಅನ್ನು ತಲೆಯಿಂದ ತೆಗೆದುಬಿಡಿ. ಅಲ್ಲಿ ಹರಾಜಿನಲ್ಲಿ ಕೂಗಿದ ಮೊತ್ತವೇ ಆಟಗಾರನ ಸಂಬಳ. ರಿಷಭ್ ಪಂತ್‌ಗೆ ಲಖನೌ 27 ಕೋಟಿ ಕೂಗಿದಾಗ 120 ಕೋಟಿ ಪರ್ಸ್‌ನಲ್ಲಿ ಅಷ್ಟು ಕಡಿಮೆಯಾಯಿತು, ಮುಗೀತು. ಫುಟ್‌ಬಾಲ್‌ನಲ್ಲಿ ಪೇಪರಲ್ಲಿ ಬರುವ ದೊಡ್ಡ ಮೊತ್ತ ಹಳೇ ಕ್ಲಬ್‌ಗೆ ಹೋಗುತ್ತದೆ. 2017ರಲ್ಲಿ ನೇಮಾರ್‌ಗಾಗಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಕೊಟ್ಟ 22.2 ಕೋಟಿ ಯೂರೊ ಹೋಗಿದ್ದು ಬಾರ್ಸಿಲೋನಾಗೆ. ನೇಮಾರ್ ಸಂಬಳ ಬೇರೆ.

ಹಾಗಾಗಿ ಕ್ಲಬ್ಬಿನ ಹಣಕಾಸು ನೋಡುವವರು ಕೇಳುವ ಪ್ರಶ್ನೆ ಒಂದೇ: ಈ ಹುಡುಗ ವರ್ಷಕ್ಕೆ ನಮಗೆ ಎಷ್ಟಕ್ಕೆ ಬೀಳುತ್ತಾನೆ? ಒಬ್ಬನನ್ನು 6 ಕೋಟಿ ಯೂರೊ ಕೊಟ್ಟು ತಂದು 5 ವರ್ಷದ ಒಪ್ಪಂದ ಮಾಡಿಕೊಂಡರು ಅಂತಿಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಅದನ್ನು ಒಪ್ಪಂದದ ವರ್ಷಗಳಿಗೆ ಹಂಚಿ ವರ್ಷಕ್ಕೆ 1.2 ಕೋಟಿಯಂತೆ ಖರ್ಚು ಬರೆಯುತ್ತಾರೆ, ಇದಕ್ಕೆ ಸವಕಳಿ ಅಂತ ಹೆಸರು. ಸಂಬಳ 80 ಲಕ್ಷ ಇದ್ದರೆ ವರ್ಷಕ್ಕೆ ಒಟ್ಟು 2 ಕೋಟಿ. ಇದರ ಮೇಲೆ ಗೋಲ್ ಬೋನಸ್ಸು, ಏಜೆಂಟ್ ಕಮಿಷನ್ನು ಎಲ್ಲ ಸೇರುತ್ತದೆ. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನವರು ಇದರಲ್ಲೇ ಒಂದು ದಾರಿ ಹುಡುಕಿದರು. 2023ರ ಜನವರಿಯಲ್ಲಿ ಎನ್ಜೊ ಫೆರ್ನಾಂಡಿಸ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟರು, ವರ್ಷ ಜಾಸ್ತಿಯಾದಷ್ಟೂ ಕಂತು ಸಣ್ಣದಾಗುತ್ತದಲ್ಲ! ಅದೇ ವರ್ಷ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, ಆಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಒಪ್ಪಂದ ಎಷ್ಟೇ ಉದ್ದ ಇರಲಿ ಲೆಕ್ಕ 5 ವರ್ಷಕ್ಕೇ ಅಂತ ಬಾಗಿಲು ಹಾಕಿದವು.

ಇನ್ನು ಮಿತಿ. ಬಾರ್ಸಿಲೋನಾ ಆಡುವ ಸ್ಪೇನ್ ಲೀಗ್‌ನಲ್ಲಿ ಎಲ್ಲರಿಗೂ ಒಂದೇ ಪರ್ಸ್ ಇಲ್ಲ. ಟಿವಿ, ಟಿಕೆಟ್, ಜಾಹೀರಾತಿನಿಂದ ಬರುವ ಆದಾಯ ಹಿಡಿದು, ಉಳಿದ ಖರ್ಚು ಮತ್ತು ಸಾಲದ ಕಂತು ಕಳೆದು, ಮಿಕ್ಕಿದ್ದಷ್ಟೇ ತಂಡಕ್ಕೆ ಅಂತ ಲೀಗ್ ಒಂದೊಂದು ಕ್ಲಬ್‌ಗೂ ಬೇರೆ ಬೇರೆ ಮಿತಿ ಹಾಕುತ್ತದೆ. ಸಂಬಳ, ಸವಕಳಿ, ಕೋಚ್ ಖರ್ಚು ಎಲ್ಲ ಅದರೊಳಗೇ ಬರಬೇಕು. ಮೀರಿದರೆ ದಂಡಕ್ಕಿಂತ ಕೆಟ್ಟದ್ದು ಕಾದಿರುತ್ತದೆ: ಹೊಸ ಆಟಗಾರನ ಹೆಸರನ್ನೇ ನೋಂದಾಯಿಸಿಕೊಳ್ಳುವುದಿಲ್ಲ.

ಈಗ ಮೆಸ್ಸಿಗೆ ಬರೋಣ. ಕೋವಿಡ್‌ನಿಂದ ಸ್ಟೇಡಿಯಂ ಖಾಲಿ, ಆದಾಯ ಬಿದ್ದಿತ್ತು. ಮೆಸ್ಸಿ ಸೇರಿದರೆ ಸಂಬಳದ ಬಿಲ್ಲೇ ಆದಾಯದ ಶೇ 110, ಅವರಿಲ್ಲದೆಯೂ ಶೇ 95 ಅಂತ ಬಾರ್ಸಿಲೋನಾ ಅಧ್ಯಕ್ಷ ಲಪೋರ್ಟಾ ಅವರೇ ಹೇಳಿದರು. ಜೂನ್ 30ಕ್ಕೆ ಮೆಸ್ಸಿಯ ಹಳೇ ಒಪ್ಪಂದ ಮುಗಿದಿದ್ದರಿಂದ, ಎರಡು ದಶಕ ಅಲ್ಲೇ ಬೆಳೆದವರಾದರೂ ಲೀಗ್ ಪಾಲಿಗೆ ಅವರು ಹೊಸ ಆಟಗಾರ. ಮಿತಿ ಮೀರಿದ ಕ್ಲಬ್ ಆಗ 4 ಯೂರೊ ಉಳಿಸಿದರೆ 1 ಯೂರೊ ಮಾತ್ರ ಹೊಸಬರಿಗೆ ಖರ್ಚು ಮಾಡಬಹುದಿತ್ತು. ಅರ್ಧ ಸಂಬಳ ಅಂದರೂ ಅದರ ನಾಲ್ಕರಷ್ಟನ್ನು ಬೇರೆಯವರಿಂದ ಕಿತ್ತುಕೊಳ್ಳಬೇಕು. ಉಳಿದವರೋ, ಒಳ್ಳೇ ಕಾಲದಲ್ಲಿ ದೊಡ್ಡ ಸಂಬಳಕ್ಕೆ ಸಹಿ ಹಾಕಿದವರು. ಅವರ್ಯಾಕೆ ಬಿಟ್ಟುಹೋಗುತ್ತಾರೆ ಹೇಳಿ? ನನ್ನ ಪ್ರಕಾರ ತಪ್ಪು ಆಗಿದ್ದು ಅಲ್ಲೇ, ಆ ಸಹಿಗಳು ಬಿದ್ದ ದಿನ. 2021ರ ಬೇಸಿಗೆಯಲ್ಲಿ ಅದರ ಬಿಲ್ ಬಂತು ಅಷ್ಟೇ.

ಮೆಸ್ಸಿ ಹೋದ ಮೇಲೂ ಕಷ್ಟ ಮುಗಿಯಲಿಲ್ಲ. ಹೊಸದಾಗಿ ಸೇರಿಸಿಕೊಂಡಿದ್ದ ಆಟಗಾರ ಮೆಂಫಿಸ್ ಡಿಪೈ ಹೆಸರು ನೋಂದಣಿ ಆಗದೆ ನಿಂತಿತ್ತು. ಕೊನೆಗೆ ತಂಡದ ಹಳೇ ಆಟಗಾರ ಜೆರಾರ್ಡ್ ಪಿಕೆ ತಮ್ಮ ಸಂಬಳ ಕಡಿಮೆ ಮಾಡಿಕೊಂಡ ಮೇಲೆ ಜಾಗ ಆಯಿತು. ಆಗಸ್ಟ್ 15ರಂದು ರಿಯಲ್ ಸೊಸಿಡಾಡ್ ವಿರುದ್ಧ ಮೊದಲ ಪಂದ್ಯ. ಡಿಪೈ ಫ್ರೀಕಿಕ್ ಎತ್ತಿ ಹೊಡೆದರು, ತಲೆ ಕೊಟ್ಟು ಮೊದಲ ಗೋಲ್ ಹಾಕಿದವರು ಪಿಕೆ.