ಟರ್ಬೈನ್ ಕಾರ್ಖಾನೆಯ ಮೂಲೆಗಳು ಭಾರ ಹೊರುವುದಿಲ್ಲ

ಜರ್ಮನ್ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಅವರ ಬರ್ಲಿನ್ ಟರ್ಬೈನ್ ಕಾರ್ಖಾನೆಯ ನೀವು ಮಾಡಿದ ಮಾಡೆಲನ್ನು ನಿಮ್ಮ ಮೇಷ್ಟ್ರು "ಸ್ಟ್ರಕ್ಚರ್ ತಪ್ಪು" ಅಂತ ವಾಪಸ್ ಕೊಟ್ಟದ್ದು ಬಹುಶಃ ಆ ದಪ್ಪ ಮೂಲೆಗಳಿಂದಲೇ. ನೀವು ಹೇಳಿದ ಪ್ರಕಾರ ನಿಮ್ಮ ಮಾಡೆಲಿನಲ್ಲಿ ಚಾವಣಿ ಅವುಗಳ ಮೇಲೆ ಕೂತಿದೆ. ಕಟ್ಟಡದ ಫೋಟೊದಲ್ಲಿ ಅವು ಕೋಟೆ ಗೋಡೆಯಂತೆ ಕಾಣುತ್ತವೆ ನಿಜ. ಆದರೆ ಅದು ತೆಳುವಾದ ಕಾಂಕ್ರೀಟ್ ಹೊದಿಕೆ ಅಷ್ಟೇ. ಭಾರ ಹೊರುವುದು ಉಕ್ಕಿನ ಚೌಕಟ್ಟು. 1909ರ ಈ ಕಟ್ಟಡಕ್ಕೆ ಅದನ್ನು ರೂಪಿಸಿದವರು ಎಂಜಿನಿಯರ್ ಕಾರ್ಲ್ ಬರ್ನ್‌ಹಾರ್ಡ್.

ಮೊದಲು ಮೂಲೆಗಳನ್ನು ಬಿಚ್ಚಿಡಿ. ಉದ್ದ ಬದಿಗೆ ಕಂಬಗಳನ್ನು ಸಾಲಾಗಿ ನಿಲ್ಲಿಸಿ. ಪ್ರತಿ ಕಂಬದ ಬುಡದಲ್ಲಿ ಉಕ್ಕಿನ ಕೀಲು ಎದ್ದು ಕಾಣಬೇಕು. ದಾರಿಯಲ್ಲಿ ಹೋಗುವವರಿಗೂ ಕಾಣಲಿ ಅಂತ ಅದನ್ನು ಮುಚ್ಚದೆ ಬಿಟ್ಟಿದ್ದಾರೆ, ಇಡೀ ಕಟ್ಟಡದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಕಂಬಗಳ ನಡುವಿನ ಗಾಜು ಮೇಲೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಲಿ. ಮುಂಭಾಗದ ದೊಡ್ಡ ಕಿಟಕಿ ಮಾತ್ರ ನೆಟ್ಟಗಿರಲಿ. ಮೂಲೆಗಳನ್ನು ಕೊನೆಗೆ, ತೆಳು ರಟ್ಟಿನಲ್ಲಿ ಮಾಡಿ ಅಂಟಿಸಿ. ಅವುಗಳ ಮೇಲಿನ ಅಡ್ಡ ಪಟ್ಟಿಗಳನ್ನು ಮರೀಬೇಡಿ.

ಅಂಟಿಸುವ ಮುಂಚೆ ಚಾವಣಿಯನ್ನು ಮೆಲ್ಲಗೆ ಒತ್ತಿ ನೋಡಿ. ಮೂಲೆ ಇಲ್ಲದೆಯೂ ನಿಲ್ಲಬೇಕು. ಅಲುಗಿದರೆ ತಪ್ಪು ಅಂಟಿನದ್ದೋ ಕಂಬದ್ದೋ ಅಂತ ನೋಡದೆ ಹೇಳುವುದು ಕಷ್ಟ, ಒಂದು ಫೋಟೊ ಹಾಕಿ.