ಅಜ್ಜಿಯ ಕಥೆಗೆ ಮೊಮ್ಮಕ್ಕಳು ‘ಅಟ್ಟಹಾಸ’ ಮಾಡಬಹುದೇ?

ಪ್ರಶ್ನೆ: ಮನೆತನದ ಸ್ಮರಣ ಸಂಚಿಕೆಗೆ ಬರೆದ ಲೇಖನದಲ್ಲಿ ‘ಅಜ್ಜಿ ಹೇಳಿದ ಕಥೆ ಕೇಳಿ ಮೊಮ್ಮಕ್ಕಳೆಲ್ಲ ಅಟ್ಟಹಾಸ ಮಾಡಿದರು’ ಎಂದಿದ್ದೆ. ಕರಡು ತಿದ್ದಿದವರು ಆ ಪದವನ್ನು ಹೊಡೆದುಹಾಕಿದರು. ನಿಘಂಟಿನಲ್ಲಿ ‘ಗಟ್ಟಿಯಾದ ನಗು’ ಎಂದೇ ಇದೆಯಲ್ಲ, ನನ್ನದು ತಪ್ಪೇ? ‘ಮಳೆಯ ಅಟ್ಟಹಾಸ’ ಎಂದು ಪತ್ರಿಕೆಯವರು ಬರೆಯುತ್ತಾರೆ, ಅದರಲ್ಲಿ ನಗು ಎಲ್ಲಿದೆ? ‘ಅಟ್ಟಹಾಸದ ನಗೆ’ ಎಂದರೆ ಎರಡು ಸಲ ಹೇಳಿದಂತಾಗುವುದಿಲ್ಲವೇ?

ಉತ್ತರ: ನಿಘಂಟಿನ ಅರ್ಥ ಸರಿಯಾಗಿಯೇ ಇದೆ. ಆದರೂ ಕರಡು ತಿದ್ದಿದವರ ಕಿವಿ ಚುರುಕಾಗಿದೆ, ನಾನಾಗಿದ್ದರೂ ಹೊಡೆದುಹಾಕುತ್ತಿದ್ದೆ.

ಸಂಸ್ಕೃತದಲ್ಲಿ ‘ಅಟ್ಟ’ ಎಂದರೆ ಎತ್ತರದ, ಜೋರಾದ; ‘ಹಾಸ’ ಎಂದರೆ ನಗು. ಇಷ್ಟರಲ್ಲಿ ಕೇಡಿನ ಸುಳಿವೇ ಇಲ್ಲ. ಕಾಳಿದಾಸನ ಮೇಘದೂತದಲ್ಲಿ ಕೈಲಾಸದ ಬೆಳ್ಳನೆಯ ಶಿಖರಗಳು ಮುಕ್ಕಣ್ಣನ ಅಟ್ಟಹಾಸ ದಿನದಿನವೂ ರಾಶಿಬಿದ್ದಂತೆ ಕಾಣುತ್ತವೆ. ನಗೆಯ ಬಣ್ಣ ಬಿಳಿ ಎನ್ನುವುದು ಆ ಕವಿಗಳ ರೂಢಿ. ಎಷ್ಟು ಚೆಂದದ ಹೋಲಿಕೆ!

ಕನ್ನಡದಲ್ಲಿ ಈ ಪದ ಶಿವನಿಗಿಂತ ಹೆಚ್ಚಾಗಿ ರಕ್ಕಸರ, ಖಳರ ಪಾಲಾಯಿತು. ಬರಿಯ ಜೋರು ನಗುವಲ್ಲ, ಎದುರಿಗಿದ್ದವರು ನಡುಗುವಂತೆ ನಗುವುದು ಎಂಬ ಅರ್ಥ ಊರಿತು. ಬರಬರುತ್ತಾ ನಗುವೂ ಸೋರಿಹೋಗಿ ದರ್ಪವಷ್ಟೇ ಉಳಿಯಿತು. ಅದರ ಜೊತೆ ಬರುವ ಕ್ರಿಯಾಪದಗಳನ್ನೇ ನೋಡಿ: ಅಟ್ಟಹಾಸ ಮೆರೆಯುತ್ತಾರೆ, ಅಟ್ಟಹಾಸ ಅಡಗಿಸುತ್ತಾರೆ, ಅಟ್ಟಹಾಸಕ್ಕೆ ಕಡಿವಾಣ ಹಾಕುತ್ತಾರೆ. ಮಕ್ಕಳ ನಗುವಿಗೆ ಯಾರಾದರೂ ಕಡಿವಾಣ ಹಾಕುತ್ತಾರೆಯೇ? ‘ಪುಂಡರ ಅಟ್ಟಹಾಸ’ ಎಂದು ಓದಿದಾಗ ಅವರು ನಕ್ಕರೋ ಇಲ್ಲವೋ ಎಂದು ನಾವು ಕೇಳುವುದೇ ಇಲ್ಲ.

ನೆರೆಯ ನುಡಿಗಳಲ್ಲಿ ಇದೇ ಪದ ಬೇರೆ ದಾರಿ ಹಿಡಿದಿದೆ. ತೆಲುಗಿನಲ್ಲಿ ‘ಅಟ್ಟಹಾಸಂಗಾ’ ಎಂದರೆ ಅದ್ದೂರಿಯಾಗಿ. ಮದುವೆ, ಉತ್ಸವಗಳಿಗೆ ಸಲ್ಲುವ ಮಾತು. ತಮಿಳರು ಆಡುಮಾತಿನಲ್ಲಿ ‘ಅಟ್ಟಗಾಸಂ’ ಎಂದರೆ ‘ಭರ್ಜರಿ’ ಎಂಬ ಮೆಚ್ಚುಗೆಯೂ ಆಗುತ್ತದೆ. ಮರಾಠಿಯಲ್ಲಿ ‘ಅಟ್ಟಾಹಾಸ’ ಎಂದರೆ ಹಟ, ಪಟ್ಟು. ನಾವು ಉಳಿಸಿಕೊಂಡದ್ದು ಅದರ ಭಯವನ್ನು.

ಮಳೆಯ ವಿಷಯಕ್ಕೆ ಬಂದರೆ, ಅದು ರೂಪಕ. ಮಳೆಯನ್ನು ರಕ್ಕಸನಾಗಿ ಕಂಡು ಯಾರೋ ಮೊದಲ ಸಲ ಹಾಗೆ ಬರೆದಾಗ ಮೈ ಜುಮ್ಮೆಂದಿರಬೇಕು. ಈಗ ಬಿಸಿಲು, ಜ್ವರ, ಕಾಡಾನೆ ಎಲ್ಲದಕ್ಕೂ ಅಟ್ಟಹಾಸವೇ ಆಗಿ ಪದ ಸವೆದಿದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಸದ್ದು ಮಾಡುವ ಮಳೆಗೆ ‘ಆರ್ಭಟ’ ಒಪ್ಪುತ್ತದೆ, ಬಿಸಿಲಿಗೆ ‘ಝಳ’ ಇದೆ, ಜ್ವರ ‘ಹಬ್ಬಿದೆ’ ಎಂದರೆ ಸಾಕು. ಹಸಿವಿಗೆ ಬೆಳೆ ತಿನ್ನಲು ಬಂದ ಆನೆಯ ಮೇಲೆ ದರ್ಪ ಹೊರಿಸುವುದು ನ್ಯಾಯವೂ ಅಲ್ಲ.

‘ಅಟ್ಟಹಾಸದ ನಗೆ’ ಲೆಕ್ಕದ ಪ್ರಕಾರ ದ್ವಿರುಕ್ತಿಯೇ ಹೌದು. ಆದರೆ ನಗುವಿನ ಅರ್ಥ ಸೋರಿಹೋದ ಮೇಲೆ ಜನರು ಅದನ್ನು ಮತ್ತೆ ತಂದು ಜೋಡಿಸಿದ್ದಾರೆ. ನಾನು ಅದನ್ನು ತಿದ್ದುವುದಿಲ್ಲ. ಬರೆಯುವಾಗ ಮಾತ್ರ ‘ಟ್ಟ’ಕ್ಕೆ ದೀರ್ಘ ಬೇಡ, ಅದು ಮರಾಠಿಯ ರೂಪ.

ಇನ್ನು ನಿಮ್ಮ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ಎಲ್ಲರೂ ಒಟ್ಟಿಗೆ ಥಟ್ಟನೆ ನಕ್ಕಿದ್ದರೆ ‘ಗೊಳ್ಳೆಂದು ನಕ್ಕರು’. ತಡೆಯಲಾಗದೆ ನಕ್ಕಿದ್ದರೆ ‘ಬಿದ್ದು ಬಿದ್ದು ನಕ್ಕರು’. ತುಂಬ ಪುಟ್ಟವರಾದರೆ ‘ಕಿಲಕಿಲ’. ‘ಗಹಗಹಿಸಿ’ ಎಂಬುದು ದೊಡ್ಡವರ ತುಂಬುಗಂಟಲಿನ ನಗುವಿಗೆ ಹೆಚ್ಚು ಹೊಂದುತ್ತದೆ, ಅದನ್ನು ಅಜ್ಜಿಗೇ ಕೊಡಿ. ಅವರ ಕಥೆಯಲ್ಲಿ ರಕ್ಕಸನೊಬ್ಬ ಬಂದಿದ್ದರೆ ನಿಮ್ಮ ಅಟ್ಟಹಾಸವೂ ವ್ಯರ್ಥವಾಗದು.