14 ವರ್ಷದ ಬೆಕ್ಕು ಎರಡು ದಿನದಿಂದ ಊಟ ಬಿಟ್ಟಿದೆ. ಬೆಳಿಗ್ಗೆ ತನಕ ಕಾಯಬಹುದಾ?

ನಿಮ್ಮದು 14 ವರ್ಷದ ಗಂಡುಬೆಕ್ಕು. ಎರಡು ದಿನದಿಂದ ಏನೂ ತಿಂದಿಲ್ಲ, ನಿನ್ನೆಯಿಂದ ನೊರೆ ನೊರೆ ವಾಂತಿ, ಮಂಚದ ಕೆಳಗೆ ಸೇರಿಕೊಂಡು ಕರೆದರೂ ಬರುತ್ತಿಲ್ಲ. ಇರುವುದು ತಾಲೂಕು ಊರು, ಇವತ್ತು ಭಾನುವಾರ ರಾತ್ರಿ. ಬೆಳಿಗ್ಗೆ ತನಕ ಕಾಯಬಹುದಾ, ಅಷ್ಟರಲ್ಲಿ ಅರ್ಧ ಡೋಲೋ ಮಾತ್ರೆ ಹಾಕಬಹುದಾ ಅಂತ ಕೇಳಿದ್ದೀರಿ.

ಮಾತ್ರೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹಾಕಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಡೋಲೋ, ಕ್ರೋಸಿನ್ ಎಲ್ಲ ಪ್ಯಾರಾಸಿಟಮಾಲ್. ನಮ್ಮ ಲಿವರ್ ಅದನ್ನು ಅರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿನಲ್ಲಿ ಆ ಕೆಲಸ ಮಾಡುವ ಎನ್‌ಜೈಮ್ ತೀರಾ ಕಡಿಮೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಕ್ಸಿಜನ್ ಹೊರಲು ಆಗುವುದಿಲ್ಲ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ಒಂದೇ ಒಂದು ಮಾತ್ರೆಗೆ ಬೆಕ್ಕು ಸಾಯಬಹುದು. ಬ್ರೂಫೆನ್, ಡೈಕ್ಲೋಫೆನಾಕ್ ಕೂಡ ಬೇಡ. ಆಗಲೇ ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ. ಎಷ್ಟು ಹೊತ್ತಿಗೆ, ಎಷ್ಟು ಅಂತ ಡಾಕ್ಟರಿಗೆ ಹೇಳಿ. ಪ್ಯಾರಾಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಅಂತ ಮದ್ದಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಈಗ ಟಾರ್ಚ್ ಹಿಡಿದು ಮಂಚದ ಕೆಳಗೆ ಬಗ್ಗಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ನೆಮ್ಮದಿಯಾಗಿ ಮಲಗಿದ ಬೆಕ್ಕಿಗೆ 30ರ ಒಳಗೆ ಬರಬೇಕು. 40 ದಾಟಿದರೆ ಈ ರಾತ್ರಿಯೇ ಹೊರಡಿ. ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಎಣಿಸುತ್ತಲೂ ಕೂರಬೇಡಿ. ಆಮೇಲೆ ಮೆಲ್ಲಗೆ ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬಿಳಿಚಿದ್ದರೆ, ನೀಲಿಗಟ್ಟಿದ್ದರೆ, ಹಳದಿಯಾಗಿದ್ದರೆ ಕಾಯುವ ಹಾಗಿಲ್ಲ. (ಕೆಂಚು ಬೆಕ್ಕಾದರೆ ವಸಡಿನಲ್ಲಿ ಕಪ್ಪು ಚುಕ್ಕಿ ಇರಬಹುದು, ಅದಕ್ಕೆ ಗಾಬರಿ ಬೇಡ.) ಹಿಂಗಾಲು ಎಳೆದುಕೊಂಡು ಕೂಗುತ್ತಿದ್ದು ಆ ಪಾದ ತಣ್ಣಗಿದ್ದರೆ ಅದೂ ಈ ರಾತ್ರಿಯದೇ ಕೆಲಸ. ಜನ ಲಕ್ವ ಹೊಡೆದಿದೆ, ಹಾವು ಕಚ್ಚಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಹೃದಯದಿಂದ ಹೊರಟ ರಕ್ತದ ಹೆಪ್ಪು ಹೋಗಿ ಕಾಲಿನ ರಕ್ತನಾಳ ಕಟ್ಟಿದ್ದಾಗಿರುತ್ತದೆ.

ನಿಮ್ಮದು ಗಂಡು ಅಂದಿದ್ದರಿಂದ ಇನ್ನೊಂದು ಕೇಳಲೇಬೇಕು. ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ? ಗಂಡುಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಹೋಗುತ್ತದೆ. ಮತ್ತೆ ಮತ್ತೆ ಕುಕ್ಕರಗಾಲಲ್ಲಿ ಕೂತು ತಿಣುಕುತ್ತದೆ, ಒಂದು ಹನಿ ಬರುವುದಿಲ್ಲ, ಕೆಳಹೊಟ್ಟೆ ಮುಟ್ಟಿದರೆ ಚೆಂಡಿನ ಹಾಗೆ ಗಟ್ಟಿ. ನೋಡಿದವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಉಚ್ಚೆ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲಿ ಜೀವವೇ ಹೋಗುವ ಮಾತು ಅದು, ಅದೂ ಈ ರಾತ್ರಿಯದೇ ಕೆಲಸ.

ಇದ್ಯಾವುದೂ ಇಲ್ಲ, ಉಚ್ಚೆ ಹೊಯ್ಯುತ್ತಿದೆ, ಉಸಿರು ಸರಿ ಇದೆ, ವಸಡು ಸರಿ ಇದೆ ಅಂದರೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಆಸ್ಪತ್ರೆಯಲ್ಲಿರಿ. ಇನ್ನೊಂದು ದಿನ ನೋಡೋಣ ಅನ್ನಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯಲ್ಲಿನ ಕೊಬ್ಬು ಹೋಗಿ ಲಿವರಿನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ. ದಪ್ಪ ಬೆಕ್ಕಿಗೆ ಇದು ಇನ್ನೂ ಬೇಗ. ನಮ್ಮ ಹಾಗೆ, ನಾಯಿಯ ಹಾಗೆ ಅದಕ್ಕೆ ಲಂಘನ ಒಗ್ಗುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಬೆಕ್ಕು ಕೆಂಚ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಕೆಂಚನಿಗೆ ಆಗ 13 ತುಂಬಿತ್ತು. ಆಷಾಢದ ಮಳೆ. ಒಂದು ದಿನ ಹಾಲನ್ನ ಮೂಸಿ ನೋಡಿ ಹೊರಟುಹೋದ. ಮಾರನೇ ದಿನ ಬಚ್ಚಲ ಒಲೆಯ ಪಕ್ಕ, ಕಟ್ಟಿಗೆ ರಾಶಿಯ ಹಿಂದೆ ಹೋಗಿ ಕೂತ. ಮೈಯೆಲ್ಲ ಬೂದಿ. ನಮ್ಮ ಅತ್ತೆ ನೋಡಿ, 'ವಯಸ್ಸಾತಲ, ಬೆಕ್ಕು ಸಾಯದು ಮನೆಯವ್ರಿಗೆ ಕಾಣದಿಲ್ಲೆ, ಬಿಡು ಅದನ್ನ' ಅಂದರು. ಸಣ್ಣವನಿದ್ದಾಗಿಂದ ನಾನೂ ಅದನ್ನೇ ಕೇಳಿ ಬೆಳೆದವನು. ಹೌದಿರಬಹುದು ಅಂದುಕೊಂಡು ಎರಡು ದಿನ ಸುಮ್ನೆ ಬಿಟ್ಟೆ. ಆ ಎರಡು ದಿನ ಈಗಲೂ ಚುಚ್ಚುತ್ತದೆ.

ಮೂರನೇ ದಿನ ಬೆಳಿಗ್ಗೆ ನನ್ನ ಹೆಂಡತಿ ಅದರ ತಲೆ ಮುಟ್ಟಿದಾಗ ಒಂದು ಸಲ ಗುರುಗುಟ್ಟಿತಂತೆ. 'ಸಾಯಲು ಹೊರಟಿದ್ದು ಹೀಗೆ ಮಾಡ್ತದಾ? ಕಾರು ತೆಗೀರಿ' ಅಂದಳು. ಆನಂದಪುರ, ಕುಂಸಿ, ಆಯನೂರು ದಾಟಿ ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಥರ್ಮಾಮೀಟರ್ ಇಟ್ಟು ನೋಡಿದರೆ 97 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿಗೆ 100.5ರಿಂದ 102.5 ಇರಬೇಕು. ಅವನು ಸಾಯುವುದಕ್ಕೆ ಒಲೆಯ ಹತ್ತಿರ ಹೋಗಿರಲಿಲ್ಲ. ಚಳಿಯಾಗಿ ಹೋಗಿದ್ದ.

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ) ಏರಿತ್ತು. ಕಿಡ್ನಿ. ನೀರು ಜಾಸ್ತಿ ಕುಡಿಯುತ್ತಿತ್ತಾ ಅಂತ ಡಾಕ್ಟರು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾಲ್ಕೈದು ತಿಂಗಳಿಂದ ಅವನು ಹಂಡೆಯ ಅಂಚಿಗೆ ಹತ್ತಿ ನೀರು ಕುಡಿಯುತ್ತಿದ್ದ. ಮುದುಕನಿಗೆ ಬಾಯಾರಿಕೆ ನೋಡು ಅಂತ ನಗಾಡಿದ್ದೆವು. ಕೆಟ್ಟ ಕಿಡ್ನಿ ಉಚ್ಚೆಯನ್ನು ಗಟ್ಟಿ ಮಾಡಲಾರದು. ನೀರು ಸೋರಿ ಹೋಗುತ್ತದೆ, ಅದಕ್ಕೇ ಕುಡಿಯುತ್ತದೆ. ಬಾಯಿಯ ವಾಸನೆ, ಸವೆದ ಬೆನ್ನು, ಎಲ್ಲ ಅದರದೇ ಸುಳಿವು. ವಯಸ್ಸಾಯ್ತು ಅನ್ನುವ ಒಂದು ಮಾತಿನ ಕೆಳಗೆ ಎಲ್ಲವನ್ನೂ ಹಾಕಿ ಮುಚ್ಚಿದ್ದೆವು.

ನಿಮ್ಮ ಬೆಕ್ಕಿನದು ಕಿಡ್ನಿಯೇ ಅಂತ ನಾನು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಹಲ್ಲಿನ ಕೀವು, ಗೆಡ್ಡೆ, ಏನೂ ಇರಬಹುದು. ಕಿಡ್ನಿಯ ಕ್ರಿಯಾಟಿನಿನ್ ಮತ್ತು ಯೂರಿಯಾ, ಸಕ್ಕರೆ, ಪೊಟ್ಯಾಶಿಯಂ, ಲಿವರ್, ಜೊತೆಗೆ ಉಚ್ಚೆಯ ಪರೀಕ್ಷೆ. ಇಷ್ಟು ಮಾಡಿಸಿ ಅಂತ ನೀವೇ ಕೇಳಿ.

ತಾಲೂಕು ಊರಲ್ಲಿ ಈ ಹೊತ್ತಿಗೆ ಯಾರು ಸಿಗುತ್ತಾರೆ ಅಂದರೆ, ನಿಜ ಹೇಳಬೇಕೆಂದರೆ ದನದ ಡಾಕ್ಟರು. ಅವರಿಗೆ ಬೆಕ್ಕು ಗೊತ್ತಿಲ್ಲ ಅಂತ ಬಿಡಬೇಡಿ. ಅವರೂ ಅದೇ ಪಶುವೈದ್ಯಕೀಯ ಓದಿದವರು. ಡ್ರಿಪ್ ಹಾಕಿ ವಾಂತಿ ನಿಲ್ಲಿಸಿಕೊಟ್ಟರೆ ಜಿಲ್ಲೆಯ ಪಶು ಆಸ್ಪತ್ರೆ ಮುಟ್ಟುವ ತನಕ ಜೀವ ಹಿಡಿದುಕೊಳ್ಳಬಹುದು. ಊರಲ್ಲಿ ದನ ಕಟ್ಟಿದವರನ್ನು ಕೇಳಿ, ಕರು ಹಾಕಿಸುವುದಕ್ಕೆ ರಾತ್ರಿ ಬರುವ ಡಾಕ್ಟರ ನಂಬರ್ ಅವರ ಹತ್ತಿರ ಇದ್ದೇ ಇರುತ್ತದೆ. ಡಾಕ್ಟರಿಗೆ ವಯಸ್ಸು ಮತ್ತು ಅಂದಾಜು ತೂಕ ಮೊದಲು ಹೇಳಿ. ಜ್ವರಕ್ಕೋ ನೋವಿಗೋ ಮೆಲಾಕ್ಸಿಕಾಮ್ ಇಂಜೆಕ್ಷನ್ ತೆಗೆದರೆ, 'ಸರ್, ಕಿಡ್ನಿ ಇನ್ನೂ ನೋಡಿಲ್ಲ' ಅಂತ ಒಂದು ಮಾತು ಹಾಕಿ. ಮೈಯಲ್ಲಿ ನೀರಾರಿದ ಬೆಕ್ಕಿಗೆ ಅದು ಕಿಡ್ನಿಯ ಮೇಲೆ ಬೀಳುವ ಪೆಟ್ಟು. ಹೇಳಿದ್ದಕ್ಕೆ ಬೇಸರ ಮಾಡಿಕೊಂಡ ಡಾಕ್ಟರನ್ನು ನಾನಂತೂ ನೋಡಿಲ್ಲ. ಪಶು ಸಂಜೀವಿನಿಯ 1962ಕ್ಕೂ ಫೋನ್ ಮಾಡಿ ನೋಡಿ. ಅದು ಮುಖ್ಯವಾಗಿ ಜಾನುವಾರಿಗೆ ಇರುವ ಗಾಡಿ, ಬೆಕ್ಕಿಗೆ ಬರುತ್ತದೆ ಅಂತ ನಂಬಿ ಕೂರಬೇಡಿ. ಹತ್ತಿರದಲ್ಲಿ ಯಾರಿದ್ದಾರೆ ಅಂತ ಕೇಳಿ.

ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ಪಶುವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಗದಗ, ಬೀದರಿನಲ್ಲಿವೆ. ಅಲ್ಲಿ ಖಾಸಗಿಯವರಿಗಿಂತ ಖರ್ಚು ಕಡಿಮೆ, ಆದರೆ ಕೆಲವು ಔಷಧಿ ಹೊರಗಿಂದ ತರಬೇಕಾಗಬಹುದು. ಹೊರಡುವ ಮುಂಚೆ ಫೋನ್ ಮಾಡಿ. ಈಗ ಡಾಕ್ಟರು ಇದ್ದಾರಾ, ಬೆಕ್ಕನ್ನು ನೋಡುತ್ತಾರಾ, ಡ್ರಿಪ್ ಹಾಕಿ ಇಟ್ಟುಕೊಳ್ಳುತ್ತಾರಾ, ಮೂರನ್ನೂ ಕೇಳಿ. ಒಮ್ಮೆ ಒಂದು ಖಾಸಗಿ ಕ್ಲಿನಿಕ್‌ನ ಬೋರ್ಡಿನಲ್ಲಿ 24 ಗಂಟೆ ಅಂತ ನೋಡಿ ಸೀದಾ ಹೋಗಿದ್ದೆ. ಒಳಗೆ ನಿದ್ದೆಗಣ್ಣಿನ ಹುಡುಗ ಒಬ್ಬನೇ ಇದ್ದ. ಡಾಕ್ಟರು ಬೆಳಿಗ್ಗೆ ಹತ್ತಕ್ಕೆ ಬರ್ತಾರೆ ಅಂದ. 24 ಗಂಟೆ ತೆರೆದಿದ್ದದ್ದು ಬಾಗಿಲು ಮಾತ್ರ.

ಅಲ್ಲಿ ತನಕ ಮನೆಯಲ್ಲಿ ಮಾಡುವುದು ಕಡಿಮೆ. ಒಳಲೆಯಲ್ಲಿ ಹಾಲು ಹುಯ್ಯಬೇಡಿ, ಸಿರಿಂಜಿನಲ್ಲಿ ಗಂಜಿ ತುರುಕಬೇಡಿ. ನಿತ್ರಾಣವಾದ ಬೆಕ್ಕಿಗೆ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬೇರೆ. ಬಟ್ಟಲಲ್ಲಿ ನೀರು ಹತ್ತಿರ ಇಡಿ, ಕುಡಿದರೆ ಕುಡಿಯಲಿ. ಕತ್ತಿನ ಚರ್ಮ ಎಳೆದು ಬಿಟ್ಟು ನೀರಿನಂಶ ನೋಡುತ್ತಾರಲ್ಲ, ಮುದಿ ಬೆಕ್ಕಿನಲ್ಲಿ ಅದು ಮೋಸ ಮಾಡುತ್ತದೆ, ಚರ್ಮವೇ ಸಡಿಲ. ವಸಡಿಗೆ ಬೆರಳು ತಾಗಿಸಿ, ಜಾರುವ ಬದಲು ಅಂಟಿದರೆ ನೀರು ಆರಿದೆ. ಪಾದ, ಕಿವಿ ತಣ್ಣಗಿದ್ದರೆ ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಟವೆಲ್ ಸುತ್ತಿ ಪಕ್ಕದಲ್ಲಿ ಇಡಿ. ಬೇಡವಾದರೆ ಸರಿದುಕೊಳ್ಳಲು ಜಾಗ ಬಿಡಿ.

ಸಾಗಿಸುವುದಕ್ಕೆ ಪೆಟ್ಟಿಗೆ ಇಲ್ಲವಾ? ಎರಡು ಪ್ಲಾಸ್ಟಿಕ್ ತರಕಾರಿ ಕ್ರೇಟ್ ಬಾಯಿಗೆ ಬಾಯಿ ಹಚ್ಚಿ ಹಗ್ಗ ಕಟ್ಟಿ. ಕೆಂಚ ಹೋದದ್ದು ಹಾಗೇ. ಒಳಗೆ ಅದು ಮಲಗುತ್ತಿದ್ದ ಹಳೇ ಸೀರೆ, ಮೇಲೆ ಒಂದು ಪಂಚೆ ಮುಚ್ಚಿ. ಕತ್ತಲಿದ್ದರೆ ಬೆಕ್ಕಿಗೆ ಹೆದರಿಕೆ ಕಡಿಮೆ. ಗೋಣಿಚೀಲ ಬೇಡ, ಉಸಿರಿನ ತೊಂದರೆ ಇದ್ದರೆ ದಾರಿಯಲ್ಲೇ ಹೋಗುತ್ತದೆ. ಬೈಕಿನಲ್ಲಿ ಮಡಿಲಲ್ಲಿ ಹಿಡಿದು ಹೋಗುವ ಸಾಹಸವೂ ಬೇಡ. ಎಷ್ಟು ನಿತ್ರಾಣ ಇದ್ದರೂ ಲಾರಿ ಹಾರ್ನಿಗೆ ಬೆಕ್ಕು ಹಾರುತ್ತದೆ.

ಕೆಂಚನಿಗೆ ಮೂರು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಸಂಜೆ ಬೇಯಿಸಿದ ಮೀನು ನೆಕ್ಕಿದ. (ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಪಕ್ಕದ ಬೆಂಚಿನಲ್ಲಿ ನಾಯಿ ಹಿಡಿದು ಕೂತಿದ್ದವರು ತಂದುಕೊಟ್ಟರು. ಬರೀ ಹಾಲನ್ನ ಹಾಕಿ ಸಾಕಿದ್ದಕ್ಕೆ ಡಾಕ್ಟರು ಬೈದದ್ದು ಬೇರೆ ಕಥೆ. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಬೇಕೇ ಬೇಕಂತೆ, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವಂತೆ.) ಆಮೇಲೆ ಮನೆಯಲ್ಲೇ ದಿನ ಬಿಟ್ಟು ದಿನ ಚರ್ಮದ ಕೆಳಗೆ 100 ಮಿಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ನೀರು) ಕೊಡುವುದನ್ನು ಅವರೇ ಕಲಿಸಿಕೊಟ್ಟರು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ಜಂತಿಗೆ ನೇತು ಹಾಕುತ್ತಿದ್ದೆ. ಭುಜದ ಮೇಲೆ ಗೂಳಿಯ ಹಿಣಿಲಿನ ಹಾಗೆ ಉಬ್ಬಿ, ರಾತ್ರಿಯೊಳಗೆ ಇಳಿದುಹೋಗುತ್ತಿತ್ತು. ಹೀಗೆ 14 ತಿಂಗಳು ಇದ್ದ. ಕೊನೆಗೆ ಒಂದು ದಿನ ಡ್ರಿಪ್‌ಗೂ ಏಳಲಿಲ್ಲ, ಉಚ್ಚೆ ನಿಂತಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣವಾ ಅಂತ ಕೇಳಿದರು. ಹೂಂ ಅಂದೆವು. ಮೊದಲು ಮಂಪರು ಬರಿಸಿ ಆಮೇಲೆ ಕೊಟ್ಟರು. ಹೆಂಡತಿಯ ತೊಡೆಯ ಮೇಲೇ ಹೋದ. ನಿಮಗೂ ಆ ಪ್ರಶ್ನೆ ಬರಬಹುದು. ಬಂದರೆ, 'ಇದು ನಿಮ್ಮ ಬೆಕ್ಕಾಗಿದ್ದರೆ ಏನು ಮಾಡ್ತಿದ್ರಿ' ಅಂತ ಅವರನ್ನೇ ಕೇಳಿ. ನಮಗೆ ಸಹಾಯ ಆದದ್ದು ಅದೇ.

ಹೊರಡುವಾಗ ಒಂದು ಟವೆಲ್ ಜಾಸ್ತಿ ಇಟ್ಟುಕೊಳ್ಳಿ. ವಾಂತಿಯದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ದಾರಿಯಲ್ಲಿ ಉಚ್ಚೆ ಹೊಯ್ದರೆ ಬೈಯಬೇಡಿ, ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ. ಡಾಕ್ಟರು ಅದನ್ನು ಕೇಳೇ ಕೇಳುತ್ತಾರೆ.